ಕೊಳ್ಳುವವನೊಬ್ಬ, ಆಡುವವರು ಹಲವರು: ಪ್ರಸಂಗ ಪುಸ್ತಕದ ಲೆಕ್ಕಾಚಾರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹಳ್ಳಿಗಳಿರಲಿ, ಹ್ಯಾಂಡ್‌ಪೋಸ್ಟ್ ಸುತ್ತಮುತ್ತಲ ಎಚ್.ಡಿ. ಕೋಟೆ ತಾಲ್ಲೂಕಿನ ಊರುಗಳಿರಲಿ, ‘ಕುರುಕ್ಷೇತ್ರ’ ನಾಟಕ ಆಡುವುದೆಂದರೆ ತಿಂಗಳುಗಟ್ಟಲೆ ತಾಲೀಮು. ದುರ್ಯೋಧನನ ಪಾತ್ರ ಹಿಡಿದವರು ತಮ್ಮ ಪಾಲಿನ ಕಂದ, ಮಾತು ಎಲ್ಲವನ್ನೂ ಬಾಯಿಪಾಠ ಮಾಡಬೇಕು. ಹಾರ್ಮೋನಿಯಂ ಮುಂದೆ ಕುಳಿತ ಡ್ರಾಮಾ ಮಾಸ್ತರರು ತಪ್ಪಿದ ಪದವನ್ನು ತಿದ್ದುತ್ತಾರೆ. ಇಲ್ಲಿ ನಾಟಕದ ಪುಸ್ತಕವೆಂದರೆ ಆಡುವ ಮಾತೆಲ್ಲ ಅಚ್ಚಾಗಿರುವ ಪುಸ್ತಕ.

ಘಟ್ಟವಿಳಿದು ಕರಾವಳಿಗೆ ಹೋದರೆ ಸಂಗತಿ ತಿರುವುಮುರುವು. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಆಡುವ ಮಾತೇ ಇರುವುದಿಲ್ಲ. ರಾಗ, ತಾಳಗಳ ಹೆಸರು ಹೊತ್ತ ಪದ್ಯಗಳು, ನಡುನಡುವೆ ಭಾಮಿನಿ, ವಾರ್ಧಕ, ಕಂದಗಳು, ಇಷ್ಟೇ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿ ಅದಕ್ಕೆ ‘ಅರ್ಥ’ ಹೇಳುತ್ತಾನೆ. ಆ ಅರ್ಥ ಆ ರಾತ್ರಿ, ಆ ರಂಗದಲ್ಲಿ ಹುಟ್ಟುವಂಥದ್ದು. ಮರುದಿನ ಮತ್ತೊಂದೂರಿನಲ್ಲಿ ಅದೇ ಪದ್ಯಕ್ಕೆ ಬೇರೆಯದೇ ಮಾತು ಬಂದೀತು.

ಕಲೆಯ ದೃಷ್ಟಿಯಿಂದ ಇದು ಯಕ್ಷಗಾನದ ಹೆಗ್ಗಳಿಕೆ. ಪ್ರಕಾಶಕನ ದೃಷ್ಟಿಯಿಂದ ನೋಡಿದರೆ ಇದೊಂದು ತಲೆನೋವು. ಮೇಳವೊಂದರಲ್ಲಿ ಹತ್ತಾರು ಕಲಾವಿದರಿದ್ದರೂ ಪುಸ್ತಕ ಬೇಕಾದದ್ದು ಮುಖ್ಯವಾಗಿ ಭಾಗವತರಿಗೆ. ಅನುಭವಿ ಭಾಗವತರಿಗೆ ಬಳಕೆಯ ಪ್ರಸಂಗಗಳು ಕಂಠಸ್ಥ. ಅವರಿಗೂ ಪುಸ್ತಕ ಬೇಡ. ಪ್ರೇಕ್ಷಕನಂತೂ ಪುಸ್ತಕ ನೋಡಿ ಆಟಕ್ಕೆ ಬರುವವನಲ್ಲ. ನೂರಾರು ಜನ ಕಂಡು ಮೆಚ್ಚಿದ ಕೃತಿಗೆ ಕೊಳ್ಳುವವನು ಒಬ್ಬನೇ ಎಂದಾದರೆ ಅದನ್ನು ಬರೆದವನಿಗೆ, ಅಚ್ಚು ಹಾಕಿದವನಿಗೆ ಗಿಟ್ಟುವುದೇನು?

ಈ ಪ್ರಶ್ನೆ ಕರಾವಳಿಗೆ ಮಾತ್ರ ಸೀಮಿತವಲ್ಲ. ಅರ್ಧ ಶತಮಾನದಿಂದ ಇದೇ ಗಂಟನ್ನು ಬಿಡಿಸಲು ಹೆಣಗುತ್ತಿರುವ ಇನ್ನೊಂದು ಉದ್ಯಮ ಅಮೆರಿಕದಲ್ಲಿದೆ.

ಮೇಜಿನ ಸುತ್ತ ತಾಳಮದ್ದಳೆ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದರ ಕರ್ತೃಗಳು. ಮೊದಲ ಮುದ್ರಣ 1,000 ಪ್ರತಿ. ಬೆಲೆ 10 ಡಾಲರ್. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಆಡುವ ಆಟವಿದು. ಒಬ್ಬೊಬ್ಬರದು ಒಂದೊಂದು ಪಾತ್ರ: ಒಬ್ಬ ಯೋಧ, ಇನ್ನೊಬ್ಬ ಮಾಂತ್ರಿಕ, ಮತ್ತೊಬ್ಬ ಕಳ್ಳ. ಸೂತ್ರಧಾರನೊಬ್ಬ ಸನ್ನಿವೇಶ ವಿವರಿಸುತ್ತಾನೆ. ಉಳಿದವರು ತಮ್ಮ ಪಾತ್ರದ ಬಾಯಲ್ಲಿ ಮಾತಾಡುತ್ತಾ ಕಥೆ ಮುಂದುವರಿಸುತ್ತಾರೆ. ವೇಷವಿಲ್ಲ, ರಂಗವಿಲ್ಲ. ನಮ್ಮವರಿಗೆ ಇದನ್ನು ವಿವರಿಸಲು ತಾಳಮದ್ದಳೆಗಿಂತ ಹತ್ತಿರದ ಹೋಲಿಕೆ ಸಿಗದು. ವ್ಯತ್ಯಾಸ ಒಂದೇ. ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಗೆ ಬೀಳಲೇಬೇಕು. ಮೇಜಿನಾಟದಲ್ಲಿ ಯಾರು ಬೀಳುತ್ತಾರೆಂಬುದನ್ನು ದಾಳ ಹೇಳುತ್ತದೆ.

ಆ ಸೂತ್ರಧಾರನ ಕೈಯಲ್ಲಿರುವ ಹದಿನಾರೋ ಮೂವತ್ತೆರಡೋ ಪುಟಗಳ ಕಿರುಪುಸ್ತಕವೇ ‘ಅಡ್ವೆಂಚರ್’, ಅರ್ಥಾತ್ ಸಾಹಸ ಪ್ರಸಂಗ. ಕೋಟೆಯ ನಕ್ಷೆ, ಅಲ್ಲಿ ಅಡಗಿರುವ ರಾಕ್ಷಸರು, ಊರಿನ ಪಟೇಲನ ಗುಟ್ಟು, ಇಂಥವೆಲ್ಲ ಅದರಲ್ಲಿರುತ್ತವೆ. ಆಟಗಾರರು ಇದನ್ನು ಕೊಳ್ಳುವಂತಿಲ್ಲ, ಓದುವಂತೆಯೂ ಇಲ್ಲ. ಓದಿದರೆ ಆಟದ ಸ್ವಾರಸ್ಯವೇ ಹೋಯಿತು. ಒಮ್ಮೆ ಆಡಿದ ಮೇಲೆ ಅದೇ ತಂಡಕ್ಕೆ ಅದು ಮತ್ತೆ ಒದಗದು. ಈ ವಿಷಯದಲ್ಲಿ ಪ್ರಸಂಗ ಪುಸ್ತಕವೇ ಮೇಲು. ‘ದೇವಿ ಮಹಾತ್ಮೆ’ಯನ್ನು ಅದೇ ಜನ ಅದೇ ಭಕ್ತಿಯಿಂದ ವರ್ಷ ವರ್ಷವೂ ನೋಡುತ್ತಾರೆ.

ಆಟವನ್ನು ಹೊರತಂದ ಟಿಎಸ್‌ಆರ್ ಕಂಪನಿ ಮೊದಮೊದಲು ಇಂತಹ ಪುಸ್ತಕಗಳ ಗೋಜಿಗೇ ಹೋಗಲಿಲ್ಲ. ಸಾಹಸಗಳನ್ನು ಆಡುವವರೇ ಕಟ್ಟಿಕೊಳ್ಳುತ್ತಾರೆ ಎಂಬುದು ಅದರ ಎಣಿಕೆಯಾಗಿತ್ತು. 1976ರಲ್ಲಿ ವೀ ವಾರಿಯರ್ಸ್, ಜಡ್ಜಸ್ ಗಿಲ್ಡ್ ಎಂಬ ಸಣ್ಣ ಸಂಸ್ಥೆಗಳು ಸಿದ್ಧ ಸಾಮಗ್ರಿ ಅಚ್ಚು ಹಾಕಿ ಮಾರತೊಡಗಿದಾಗ ಎಣಿಕೆ ತಪ್ಪೆಂದು ತಿಳಿಯಿತು. 1978ರಲ್ಲಿ ಟಿಎಸ್‌ಆರ್ ತಾನೇ ಕಣಕ್ಕಿಳಿಯಿತು. ಅತಿ ಹೆಚ್ಚು ಜನರ ಕೈಸೇರಿದ ಸಾಹಸಗಳಲ್ಲಿ ಒಂದಾದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಮಾತ್ರ ಅಂಗಡಿಯಲ್ಲಿ ಬಿಡಿಯಾಗಿ ಮಾರಾಟವಾಗಿ ಅಷ್ಟು ದೂರ ಹೋದದ್ದಲ್ಲ. ಆಟದ ಪೆಟ್ಟಿಗೆಯೊಳಗೆ ನಿಯಮ ಪುಸ್ತಕದ ಜತೆ ಅದನ್ನೂ ಇಟ್ಟು ಕೊಡಲಾಗುತ್ತಿತ್ತು.

1997ರಲ್ಲಿ ಟಿಎಸ್‌ಆರ್ ಮಾರಾಟವಾಗದ ದಾಸ್ತಾನು, ಪುಸ್ತಕದಂಗಡಿಗಳಿಂದ ಹಿಂದಿರುಗಿದ ಸರಕು, ಸಾಲ ಇವುಗಳ ಭಾರಕ್ಕೆ ಕುಸಿದು ವಿಜಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯ ಪಾಲಾಯಿತು. ಹೊಸ ಒಡೆಯರ ಪರವಾಗಿ ಲೆಕ್ಕ ನೋಡಿದ ರಯಾನ್ ಡ್ಯಾನ್ಸಿ ಮಂಡಿಸಿದ ವಾದ ಸರಳವಾಗಿತ್ತು. ನಿಯಮ ಪುಸ್ತಕವನ್ನು ಮೇಜಿನ ಸುತ್ತ ಕುಳಿತ ಎಲ್ಲರೂ ಕೊಳ್ಳುತ್ತಾರೆ. ಸಾಹಸವನ್ನು ಒಬ್ಬ ಮಾತ್ರ. ಆದರೆ ಸಾಹಸಗಳಿಲ್ಲದಿದ್ದರೆ ಆಟ ನಿಲ್ಲುತ್ತದೆ, ನಿಯಮ ಪುಸ್ತಕವೂ ಮಾರಾಟವಾಗದು. ಆದ್ದರಿಂದ ಲಾಭವಿಲ್ಲದ ಕೆಲಸವನ್ನು ಹೊರಗಿನವರಿಗೆ ಬಿಟ್ಟುಕೊಡಿ, ಲಾಭದ ಪುಸ್ತಕವನ್ನು ನೀವಿಟ್ಟುಕೊಳ್ಳಿ ಎಂಬುದೇ ಆ ವಾದ. 2000ದಲ್ಲಿ ಬಂದ ‘ಓಪನ್ ಗೇಮ್ ಲೈಸೆನ್ಸ್’ ಇದರ ಫಲ. ಆಟದ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಸಾಹಸ ಬರೆದು ಮಾರಬಹುದಾಯಿತು. ಉದಾರತೆಯಂತೆ ಕಂಡರೂ ಇದರ ಹಿಂದಿದ್ದದ್ದು ಅಪ್ಪಟ ವ್ಯಾಪಾರಿ ಬುದ್ಧಿ.

ಐವತ್ತೊಂದು ಪ್ರತಿಗೆ ತಾಮ್ರದ ಪದಕ

ಕಾಗದ, ಮುದ್ರಣ, ಸಾಗಣೆಗಳ ಖರ್ಚನ್ನು ಇಂಟರ್‌ನೆಟ್ ತೆಗೆದುಹಾಕಿತು. ಬರಹಗಾರ ಪಿಡಿಎಫ್ ಕಡತವನ್ನು ಡ್ರೈವ್‌ಥ್ರೂಆರ್‌ಪಿಜಿ ಎಂಬ ಅಂತರ್ಜಾಲ ಮಳಿಗೆಯಲ್ಲಿಟ್ಟು, ಮಾರಿದ ಹಣದಲ್ಲಿ ಶೇ. 65ರಿಂದ 70ರಷ್ಟು ಪಡೆಯುವ ಪದ್ಧತಿ ಬೆಳೆಯಿತು. 2016ರಲ್ಲಿ ಆರಂಭವಾದ ‘ಡಂಜನ್ ಮಾಸ್ಟರ್ಸ್ ಗಿಲ್ಡ್’ನಲ್ಲಿ ಆಟದ ಅಧಿಕೃತ ಲೋಕಗಳನ್ನೂ ಪಾತ್ರಗಳನ್ನೂ ಬಳಸಲು ಅವಕಾಶವಿದೆ; ಪ್ರತಿಯಾಗಿ ಬರಹಗಾರನ ಪಾಲು ಅರ್ಧಕ್ಕಿಳಿಯುತ್ತದೆ.

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಎಂಟು ಸಾವಿರ ಪದಗಳ ಸಾಹಸವೊಂದಕ್ಕೆ 3 ಡಾಲರ್ ಬೆಲೆ ಎಂದಿಟ್ಟುಕೊಳ್ಳಿ. ಅರ್ಧ ಪಾಲೆಂದರೆ ಪ್ರತಿಯೊಂದಕ್ಕೆ ಒಂದೂವರೆ ಡಾಲರ್. ಬರಹಗಾರ ತನ್ನ ಶ್ರಮಕ್ಕೆ ಪದವೊಂದಕ್ಕೆ 5 ಸೆಂಟ್‌ನಂತೆ 400 ಡಾಲರ್ ನಿರೀಕ್ಷಿಸಿದರೆ ಸುಮಾರು 267 ಪ್ರತಿಗಳು ಹೋಗಬೇಕು. ಚಿತ್ರಕಾರ, ನಕ್ಷೆ ಬರೆದವ, ಕರಡು ತಿದ್ದಿದವ ಇವರ ಸಂಭಾವನೆ ಇದರಲ್ಲಿ ಸೇರಿಲ್ಲ. ಇತ್ತ ಮಳಿಗೆಯು ಉತ್ತಮ ಮಾರಾಟದ ಗುರುತಾಗಿ ನೀಡುವ ಮೊದಲ ‘ತಾಮ್ರ’ ಪದಕಕ್ಕೆ 51 ಪ್ರತಿ ಮಾರಿದರೆ ಸಾಕು, ‘ಬೆಳ್ಳಿ’ಗೆ 101. ಐವತ್ತು ಪ್ರತಿ ದಾಟುವುದೇ ಹೆಮ್ಮೆಯ ಸಂಗತಿ ಎಂದು ಮಳಿಗೆಯೇ ಒಪ್ಪಿಕೊಂಡಂತಾಯಿತು. ಮೇಲಿನ ಲೆಕ್ಕದಲ್ಲಿ ತಾಮ್ರ ಗೆದ್ದವನ ಕೈಗೆ ಬಂದದ್ದು 76 ಡಾಲರ್ ಚಿಲ್ಲರೆ.

ಹೀಗಾಗಿ ದೊಡ್ಡ ಪ್ರಕಾಶಕರು ಕಿರುಸಾಹಸಗಳನ್ನು ಬಿಡಿಯಾಗಿ ತರುವುದಕ್ಕಿಂತ ಕಟ್ಟಿ ದಪ್ಪ ಸಂಪುಟವಾಗಿಸುವುದೇ ಹೆಚ್ಚು. 2021ರ ‘ಕ್ಯಾಂಡಲ್‌ಕೀಪ್ ಮಿಸ್ಟರೀಸ್’ನಲ್ಲಿ 17 ಸಾಹಸಗಳಿದ್ದರೆ, 2022ರ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ನಲ್ಲಿ 13. ಎರಡನೆಯದರಲ್ಲಿ ಕೋಲ್ಕತ್ತ ಮೂಲದ ಲೇಖಕಿ ಮಿಮಿ ಮಂಡಲ್ ಬಂಗಾಳದ ನದಿನಾಡನ್ನು ನೆನಪಿಸುವ ‘ಇನ್ ದ ಮಿಸ್ಟ್ಸ್ ಆಫ್ ಮಣಿವರ್ಷ’ ಬರೆದಿದ್ದಾರೆ. ಹೊಲಿಗೆ ಹಾಕಿದ ದಪ್ಪ ಪುಸ್ತಕಕ್ಕೆ ಗ್ರಾಹಕ ಕೊಡುವ ಬೆಲೆಯನ್ನು ಮೂವತ್ತು ಪುಟದ ಕಿರುಹೊತ್ತಿಗೆಗೆ ಕೊಡುವುದಿಲ್ಲ.

ಅಚ್ಚಿನ ಮನೆಯಿಂದ ಡೇರೆಯವರೆಗೆ

ಕನ್ನಡದ ಪ್ರಕಾಶಕರಿಗೆ ಈ ಪಾಠ ಹೊಸದೇನಲ್ಲ. ಉಡುಪಿಯ ಪಾವಂಜೆ ಗುರುರಾವ್ ಅವರ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯ ಕಳೆದ ಶತಮಾನದಲ್ಲಿ ಪ್ರಸಂಗಗಳನ್ನು ತೆಳುಹೊತ್ತಿಗೆಗಳಾಗಿ ಅಚ್ಚು ಹಾಕಿ ಭಾಗವತರ ಚೀಲ ಸೇರುವಂತೆ ಮಾಡಿತು. ತಾಳೆಗರಿಯಲ್ಲಿದ್ದ ಸರಕು ಅಗ್ಗದ ಬೆಲೆಗೆ ಕೈಗೆಟುಕಿದ್ದು ಹೀಗೆ. ಆ ವ್ಯಾಪಾರಕ್ಕೆ ಒಂದು ಅನುಕೂಲವಿತ್ತು: ಹಳೆಯ ಕವಿಗಳಿಗೆ ಗೌರವಧನ ಕೊಡಬೇಕಾದ ಪ್ರಮೇಯವಿರಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಸರ್ವರ ಸೊತ್ತು. 1901ರಲ್ಲಿ ತೀರಿಕೊಂಡ ಮುದ್ದಣನ ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ಗಳೂ ಈಗ ಹಾಗೆಯೇ. ಬಿಡಿ ಪ್ರಸಂಗಗಳನ್ನು ಒಗ್ಗೂಡಿಸುವ ದಾರಿಯೂ ಇಲ್ಲಿ ಮೊದಲಿನಿಂದ ಉಂಟು. ಕುಕ್ಕಿಲ ಕೃಷ್ಣ ಭಟ್ಟರು ಸಂಪಾದಿಸಿದ ಪಾರ್ತಿಸುಬ್ಬನ ಯಕ್ಷಗಾನಗಳ ಸಂಪುಟ ಅದಕ್ಕೆ ನಿದರ್ಶನ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಟದ ಲೆಕ್ಕದಲ್ಲೇ ದರ ನಿಗದಿಯಾಗುವುದರಿಂದ, ತೆಳುಪುಸ್ತಕ ತಂದವನಿಗೆ ಅಲ್ಲಿಯೂ ಹೇಳಿಕೊಳ್ಳುವ ಆದಾಯವಿಲ್ಲ.

ಹೊಸ ಪ್ರಸಂಗಕ್ಕೆ ಹಣ ಬಂದದ್ದು ಪುಸ್ತಕದಿಂದಲ್ಲ, ಡೇರೆಯಿಂದ. ಟಿಕೆಟಿನ ಆಟವಾಡುವ ಡೇರೆ ಮೇಳಗಳು ತಿರುಗಾಟಕ್ಕೆ ಹೊರಟಾಗ ಜನರನ್ನು ಸೆಳೆಯಲು ಹೊಸ ಕಥೆ ಬೇಕಾಗುತ್ತಿತ್ತು. 1980ರ ದಶಕದಲ್ಲಿ ಭಾಗವತ ಕಾಳಿಂಗ ನಾವಡರು ತಾವೇ ರಚಿಸಿ ಹಾಡಿದ ‘ನಾಗಶ್ರೀ’ ಸಾಲಿಗ್ರಾಮ ಮೇಳದಲ್ಲಿ ಗಳಿಸಿದ ಜನಪ್ರಿಯತೆಯನ್ನು ಹಿರಿಯ ಪ್ರೇಕ್ಷಕರು ಈಗಲೂ ನೆನೆಯುತ್ತಾರೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡ ಮೇಲೂ ಅವರ ಕಂಠ ಕ್ಯಾಸೆಟ್ಟುಗಳಲ್ಲಿ ಮನೆ ಮನೆ ಸುತ್ತಿತು. ಪ್ರಸಂಗವೊಂದು ಪುಸ್ತಕಕ್ಕಿಂತ ಹೆಚ್ಚಾಗಿ ರಂಗದಲ್ಲಿ, ಕ್ಯಾಸೆಟ್ಟಿನಲ್ಲಿ ಮಾರಾಟವಾಗುವ ಸರಕು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹರಕೆ ಮೇಳಗಳ ರೀತಿಯೇ ಬೇರೆ. ಕಟೀಲಿನಂತಹ ಕ್ಷೇತ್ರದ ಮೇಳದ ಆಟಕ್ಕೆ ಭಕ್ತರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಆಡಿಸುವವರು ಬಯಸುವುದು ಹೆಚ್ಚಾಗಿ ‘ದೇವಿ ಮಹಾತ್ಮೆ’ಯಂತಹ ಪುಣ್ಯಕಥೆಯನ್ನೇ. ಅಲ್ಲಿ ಹೊಸ ಕವಿಗೆ ಬೇಡಿಕೆ ಕಡಿಮೆ. 2023ರಲ್ಲಿ ನಿಧನರಾದ ಬಲಿಪ ನಾರಾಯಣ ಭಾಗವತರು ಅದೇ ಕಥೆಯನ್ನು ಐದು ದಿನಗಳ ಪ್ರಸಂಗವಾಗಿ ವಿಸ್ತರಿಸಿದರು. ಮಾರುಕಟ್ಟೆಯನ್ನು ನೋಡಿ ಮಾಡುವ ಕೆಲಸ ಅದಲ್ಲ.

ಕಾನೂನು ಹೇಳುವುದೇನು?

ಪುಸ್ತಕ ಮಾರಾಟವಾಗದಿದ್ದರೂ ಪ್ರದರ್ಶನಕ್ಕೆ ಇಂತಿಷ್ಟೆಂದು ಕವಿಗೆ ಸಲ್ಲಬಾರದೇ? ಕಾನೂನಿನಲ್ಲಿ ಅವಕಾಶವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕನ ಜೀವಿತಾವಧಿ ಹಾಗೂ ಆನಂತರದ 60 ವರ್ಷ ಕೃತಿಯ ಪ್ರದರ್ಶನದ ಹಕ್ಕೂ ಅವನದೇ, ಅವನ ವಾರಸುದಾರರದೇ. ಯಕ್ಷಗಾನಕ್ಕೆ ಸಂಬಂಧಿಸಿ ಇದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಪೈಕಿ ‘ಅಭಿಮನ್ಯು ವಧೆ’ಯನ್ನು 2001ರಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿದ್ದನ್ನು ಪ್ರಶ್ನಿಸಿ, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದಿದ್ದ ಮಾಲಿನಿ ಮಲ್ಯ ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಿರುದ್ಧ ಉಡುಪಿಯ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. 2009ರ ಜನವರಿಯಲ್ಲಿ ಬಂದ ಅಂತಿಮ ತೀರ್ಪು ಅವರ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಕಾಯ್ದೆಯ 52ನೇ ಸೆಕ್ಷನ್ ಕೊಡುವ ವಿನಾಯಿತಿಗಳನ್ನು ಸಂಸ್ಥೆಯೂ ಬಳಸಿಕೊಳ್ಳಬಹುದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಪ್ರಸಂಗಕರ್ತನ ಪಾಲಿಗೆ ಕತ್ತರಿ ಬೀಳುವುದು ಈ ವಿನಾಯಿತಿಯಲ್ಲೇ. ಹವ್ಯಾಸಿ ತಂಡವೊಂದು ಹಣ ಪಡೆಯದೆ ತೋರಿಸುವ, ಅಥವಾ ಧಾರ್ಮಿಕ ಸಂಸ್ಥೆಯ ಪ್ರಯೋಜನಕ್ಕೆಂದು ನೀಡುವ ಪ್ರದರ್ಶನ ಹಕ್ಕಿನ ಉಲ್ಲಂಘನೆಯಾಗದು. ಊರ ಯುವಕ ಮಂಡಲದ ಉಚಿತ ಆಟ, ಸಂಘದ ತಾಳಮದ್ದಳೆ ಇವೆಲ್ಲ ಇದರಡಿ ಬರಬಹುದು. ವಿನಾಯಿತಿ ನ್ಯಾಯವಾದದ್ದೇ, ಇಲ್ಲದಿದ್ದರೆ ಕಲೆ ಹಳ್ಳಿಯಲ್ಲಿ ಉಳಿಯದು. ಆದರೆ ಕವಿಗೆ ಉಳಿಯುವ ಗಳಿಕೆಯ ಹಾದಿ ಟಿಕೆಟಿನ ಆಟ ಮತ್ತು ಧ್ವನಿ, ದೃಶ್ಯ ಮುದ್ರಣಗಳು ಮಾತ್ರ.

ಅಲ್ಲಿಯೂ ಎಚ್ಚರ ಬೇಕು. ಬಾಯಿಮಾತಿನಲ್ಲಿ ಕೊಟ್ಟುಬಿಟ್ಟ ಪ್ರಸಂಗದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಯಾರಿಗೂ ವರ್ಗವಾಗುವುದಿಲ್ಲ. ಬರಹದಲ್ಲಿದ್ದು ಸಹಿ ಬಿದ್ದಿರಬೇಕು. ಅವಧಿ ನಮೂದಿಸದ ಪತ್ರ ಐದು ವರ್ಷಕ್ಕಷ್ಟೇ ಅನ್ವಯ. ಎಷ್ಟು ಆಟಕ್ಕೆ ಎಷ್ಟು ಗೌರವಧನ, ಯೂಟ್ಯೂಬಿನಲ್ಲಿ ಹಾಕಿದರೆ ಎಷ್ಟು ಎಂಬ ಎರಡು ಸಾಲು ಆ ಪತ್ರದಲ್ಲಿದ್ದರೆ ಕವಿಗೆ ಅದು ಪುಸ್ತಕದ ಗೌರವಧನಕ್ಕಿಂತ ಹೆಚ್ಚಿನ ಆಸರೆ.

ಅಮೆರಿಕದ ಬರಹಗಾರರು ಪತ್ರದ ಮಹತ್ವವನ್ನು ಕಷ್ಟಪಟ್ಟು ಕಲಿತರು. 2023ರ ಜನವರಿಯಲ್ಲಿ ವಿಜಾರ್ಡ್ಸ್ ಸಂಸ್ಥೆ 2000ದ ಪರವಾನಗಿಯನ್ನೇ ಬದಲಿಸಲು ಹೊರಟ ಕರಡು ಬಯಲಾದಾಗ ಇಪ್ಪತ್ತು ವರ್ಷಗಳಿಂದ ಅದನ್ನು ನಂಬಿದ್ದ ಸಣ್ಣ ಪ್ರಕಾಶಕರು ಕಂಗಾಲಾದರು. ಪ್ರತಿಭಟನೆ ಜೋರಾಗಿ, ಅದೇ ತಿಂಗಳ 27ರಂದು ಸಂಸ್ಥೆ ಮಣಿಯಿತು. ಮೂಲ ನಿಯಮಗಳನ್ನು ಹಿಂತೆಗೆದುಕೊಳ್ಳಲಾಗದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು.

ಇಲ್ಲಿ ‘ಯಕ್ಷವಾಹಿನಿ’ಯಂತಹ ಆಸಕ್ತರ ಬಳಗಗಳು ಹಳೆಯ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿವೆ. ಬೆಂಗಳೂರಿನಲ್ಲಿ ಚೌಕಿ ಹೊಕ್ಕ ಹವ್ಯಾಸಿ ಭಾಗವತರ ಎದುರಿಗೆ ಈಗ ಪುಸ್ತಕದ ಬದಲು ಟ್ಯಾಬ್ ಇದ್ದರೆ ಅಚ್ಚರಿಯಿಲ್ಲ. ಕೊಳ್ಳುತ್ತಿದ್ದ ಆ ಒಬ್ಬ ಗ್ರಾಹಕನೂ ಅಲ್ಲಿಗೆ ಕೈಬಿಟ್ಟಂತೆ.

ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳಗಳು ಮತ್ತೆ ಹೊರಡುವುದು ನವೆಂಬರ್ ಹೊತ್ತಿಗೆ. ನಡುವಿನ ಮಳೆಗಾಲ ತಾಳಮದ್ದಳೆಯ ಕಾಲ. ಹೊಸ ಪ್ರಸಂಗ ಬರೆಯುವವರು ಮೇಳದ ಯಜಮಾನರೊಡನೆ ಪತ್ರದ ಮಾತನಾಡಲು ಬಿಡುವು ಸಿಗುವುದೂ ಆಗಲೇ.