ಕೆ.ಆರ್. ವೃತ್ತದಿಂದ ಸಿಲ್ಕ್ ಬೋರ್ಡ್‌ವರೆಗೆ

ಸರ್ ಎಂ. ವಿಶ್ವೇಶ್ವರಯ್ಯ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಬೆಂಗಳೂರಿನ ಹಳೆಯ ಸರ್ಕಾರಿ ಕಾಲೇಜುಗಳ ನಡುವೆ ನಿಂತಿರುತ್ತೀರಿ. ಸೆಂಟ್ರಲ್ ಕಾಲೇಜಿನ ಆವರಣ, ಕೆ.ಆರ್. ವೃತ್ತದ ಬಳಿಯ ಎಂಜಿನಿಯರಿಂಗ್ ಕಾಲೇಜುಗಳು, ಪಾಲಿಟೆಕ್ನಿಕ್, ಶೇಷಾದ್ರಿ ರಸ್ತೆಯ ಮಹಾರಾಣಿ ಕಾಲೇಜುಗಳು, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಇವುಗಳ ಫಲಕದಲ್ಲಿ ‘ಫ್ಯಾಷನ್’ ಎಂಬ ಪದ ಇಲ್ಲ. ಅದಕ್ಕೇ ಇರಬೇಕು, ಫ್ಯಾಷನ್ ಓದಬೇಕೆಂದು ಜಿಲ್ಲೆಗಳಿಂದ ಬರುವ ಮಕ್ಕಳು ಇವುಗಳ ಮುಂದೆಯೇ ಹಾದು ನಗರದ ಹೊರವಲಯದ ದುಬಾರಿ ಖಾಸಗಿ ಕಾಲೇಜುಗಳಿಗೆ ಹೋಗಿಬಿಡುತ್ತಾರೆ.

ಈ ಸಲ ಕಾಲೇಜು ನೋಡಲು ನನ್ನ ಜೊತೆ ಗುಳೇದಗುಡ್ಡದ ತಾಯಿ, ಮಗಳು ಬಂದಿದ್ದರು. ಮನೆಯಲ್ಲಿ ಖಣದ ಮಗ್ಗ ಇದೆ. ಮಗಳು ಕಾಮರ್ಸ್‌ನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಅಪ್ಪ ನೇಯುವಂಥದೇ ಖಣ ಕೈಚೀಲವಾಗಿ, ಕುಪ್ಪಸವಾಗಿ, ಪರ್ಸಾಗಿ ಮೊಬೈಲಿನಲ್ಲಿ ಎಷ್ಟೋ ಪಟ್ಟು ಬೆಲೆಗೆ ಮಾರಾಟವಾಗುವುದನ್ನು ಆಕೆ ನೋಡಿದ್ದಾಳೆ.

“ಹೊಲಿಯೂದು ಅವ್ವಗ ಬರ್ತದರಿ ಅಕ್ಕಾರ. ನನಗ ಮಾರೂದು ಕಲೀಬೇಕಾಗೇದ,” ಎಂದಳು.

ಈ ಮಾತಿನ ಸ್ಪಷ್ಟತೆ ನನಗೆ ಬಹಳ ಹಿಡಿಸಿತು. ಫ್ಯಾಷನ್ ಎಂದರೆ ಚಿತ್ರ ಬರೆಯುವುದು, ರ‍್ಯಾಂಪ್ ಮೇಲೆ ನಡೆಯುವುದು ಎಂದುಕೊಂಡವರೇ ಹೆಚ್ಚು. ಆದರೆ ಈ ಉದ್ಯಮದಲ್ಲಿ ಡಿಸೈನರ್‌ಗಳ ಜೊತೆಗೆ ಲೆಕ್ಕದವರೂ ಬೇಕು. ವಿದೇಶದ ಬೈಯರ್ ಜೊತೆ ದರ ಕುದುರಿಸುವ ಮರ್ಚಂಡೈಸರ್, ಯಾವ ಅಂಗಡಿಗೆ ಯಾವ ಸೈಜು ಎಷ್ಟು ಹೋಗಬೇಕೆಂದು ನಿರ್ಧರಿಸುವ ಪ್ಲಾನರ್, ರಫ್ತಿನ ಕಾಗದಪತ್ರ ನೋಡುವವರು, ಮಳಿಗೆ ನಡೆಸುವವರು. ಮಿಂತ್ರಾ ಇರುವುದು ಬೆಂಗಳೂರಿನಲ್ಲಿ. ಲೂಯಿ ಫಿಲಿಪ್, ಪೀಟರ್ ಇಂಗ್ಲೆಂಡ್ ಬ್ರ್ಯಾಂಡುಗಳ ಮದುರಾ ಕಂಪನಿ ಬೆಳೆದದ್ದೂ ಇಲ್ಲೇ. ಈ ಕೆಲಸಗಳಿಗೆ ಹೋಗಲು ಹದಿನೆಂಟನೇ ವಯಸ್ಸಿಗೇ ಎಂಟು–ಹತ್ತು ಲಕ್ಷ ಸಾಲ ಮಾಡಬೇಕಾಗಿಲ್ಲ ಎಂಬುದನ್ನು ತಾಯಿ, ಮಗಳಿಬ್ಬರಿಗೂ ಕಣ್ಣಾರೆ ತೋರಿಸಬೇಕಿತ್ತು.

ವೃತ್ತದ ಬಳಿಯ ಶ್ರೀ ಕೃಷ್ಣರಾಜೇಂದ್ರ ಸಿಲ್ವರ್ ಜ್ಯೂಬಿಲಿ ತಾಂತ್ರಿಕ ಸಂಸ್ಥೆ 1938ರದು. ಜವಳಿ ತಂತ್ರಜ್ಞಾನ, ರೇಷ್ಮೆ ತಂತ್ರಜ್ಞಾನದಲ್ಲಿ ಬಿ.ಇ. ಓದಿಸುವ ಸರ್ಕಾರಿ ಕಾಲೇಜು. ಸಿಇಟಿ ಮೂಲಕ ಸೀಟು. ಸೂಪರ್‌ನ್ಯೂಮರರಿ ಕೋಟಾದಲ್ಲಿ ಸಿಕ್ಕರೆ ಬೋಧನಾ ಶುಲ್ಕವೂ ಇಲ್ಲ. ನೂಲು, ನೇಯ್ಗೆ, ಬಣ್ಣಗಾರಿಕೆ ತಿಳಿದವರಿಗೆ ಉಡುಪು ಕಂಪನಿಗಳಲ್ಲಿ ಬೆಲೆ ಇದೆ. ಆದರೆ ಇದು ವಿಜ್ಞಾನ ಓದಿದವರ ದಾರಿ. ಹುಡುಗಿ ಗೇಟಿನಾಚೆಯಿಂದಲೇ ನೋಡಿ ಮುಂದೆ ನಡೆದಳು.

ಅವಳಿಗೆ ಬೇಕಾದದ್ದು ಶೇಷಾದ್ರಿ ರಸ್ತೆ ಮತ್ತು ಅರಮನೆ ರಸ್ತೆ ಕೂಡುವಲ್ಲಿ ಇತ್ತು. ಮಹಾರಾಣಿ ಮಹಿಳಾ ಕಲಾ, ವಾಣಿಜ್ಯ ಮತ್ತು ನಿರ್ವಹಣಾ ಕಾಲೇಜು. ಪಕ್ಕದಲ್ಲೇ ವಿ.ಎಚ್.ಡಿ. ಗೃಹವಿಜ್ಞಾನ ಕಾಲೇಜು, ಅಲ್ಲಿ ಬಟ್ಟೆ ಮತ್ತು ಉಡುಪಿನ ಪಾಠವೂ ಉಂಟು. ಅರಮನೆ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸರ್ಕಾರಿ ಆರ್.ಸಿ. ಕಾಲೇಜು, ಬಿ.ಕಾಂ. ಓದಲು ತಲೆಮಾರುಗಳಿಂದ ಬಡಮಕ್ಕಳು ಬಂದ ಜಾಗ. ಈ ಕಾಲೇಜುಗಳಲ್ಲಿ ವರ್ಷದ ಶುಲ್ಕ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ನಿಜವಾದ ಖರ್ಚು ಊಟ, ವಸತಿಯದು.

ತಾಯಿ ಮೊದಲು ಕೇಳಿದ್ದೂ ಅದನ್ನೇ. “ಹುಡುಗಿ ಎಲ್ಲಿರ್ತದರಿ? ಬೆಂಗಳೂರಾಗ ಬಾಡಿಗಿ ಕೇಳಿದ್ರ ಎದಿ ಒಡೀತದ.”

ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ, ಊಟ–ವಸತಿಗೆ ಹತ್ತು ತಿಂಗಳು ಹಣದ ನೆರವು. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್‌ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಇವಳು ಓದಿದ್ದು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ. ನಗರ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಓಡಾಟ ಉಚಿತ. ಇವನ್ನೆಲ್ಲ ಕೂಡಿಸಿದರೆ ಬೆಂಗಳೂರಿನ ಮೂರು ವರ್ಷ ಅಸಾಧ್ಯವಲ್ಲ. ಒಂದು ಮಾತನ್ನು ಮಾತ್ರ ತಾಯಿಗೆ ಒತ್ತಿ ಹೇಳಿದೆ: ಫೀಸು ಕಟ್ಟುವುದು ಪ್ರವೇಶದ ದಿನ, ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಎಷ್ಟೋ ತಿಂಗಳ ನಂತರ. ಮೊದಲ ಆರು ತಿಂಗಳ ಕೈಗಾಸು ಮನೆಯಿಂದಲೇ ಬರಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ಬಂದವರು ದಸರೆ ರಜೆಗೆ ಊರಿಗೆ ಹೋಗಿ ಮರಳದಿರುವುದನ್ನು ಕಂಡಿದ್ದೇನೆ.

ಕಾಲೇಜು ಆರಿಸುವಾಗ ಇನ್ನೊಂದನ್ನು ವಿಚಾರಿಸಬೇಕು. 2024–25ರಿಂದ ರಾಜ್ಯದ ಕೆಲವು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಷಿಪ್ ಜೋಡಿಸಿದ ಪದವಿ ಶುರುವಾಗಿದೆ. ಓದಿನ ಭಾಗವಾಗಿಯೇ ಕಂಪನಿಯಲ್ಲಿ ಕೆಲಸ, ಕೆಲಸಕ್ಕೆ ಸ್ಟೈಪೆಂಡ್. ರಿಟೇಲ್ ವಿಷಯ ಇರುವ ಕಾಲೇಜು ಸಿಕ್ಕರೆ, ಊರು ಯಾವುದೇ ಇರಲಿ, ನಾನಾದರೆ ಅದನ್ನೇ ಮೊದಲು ಆರಿಸುತ್ತಿದ್ದೆ. ಇವರದೇ ಜಿಲ್ಲೆಯ ಬಾಗಲಕೋಟೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಬಾಡಿಗೆಯೇ ಉಳಿಯುತ್ತದೆ.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಚಿಕ್ಕಪೇಟೆಗೆ ಬಂದೆವು. ಅಲ್ಲಿಯವರೆಗೆ ಸೆರಗು ಬಿಗಿಹಿಡಿದು ನಡೆಯುತ್ತಿದ್ದ ತಾಯಿ ಇಲ್ಲಿ ನಮಗಿಂತ ಮುಂದಾದರು. ಸೀರೆಯ ಅಂಚು ತಿರುವಿ ನೋಡಿ, ಬೆರಳಿನಲ್ಲಿ ತಿಕ್ಕಿ, ಇದು ಮಗ್ಗದ್ದಲ್ಲ ಎಂದು ಅಂಗಡಿಯವನ ಮುಖಕ್ಕೇ ಹೇಳಿದರು. ಅವನೂ ಒಪ್ಪಿಕೊಂಡ. ಮಗಳು ಖಣದ ತುಂಡುಗಳನ್ನು ಹುಡುಕಿ ದರ ಕೇಳಿದಳು. ಮೀಟರಿಗೆ ಎಷ್ಟು, ಥಾನಿಗೆ ಎಷ್ಟು, ಉದ್ದರಿ ಎಷ್ಟು ದಿನ. ಕೊನೆಯ ಪ್ರಶ್ನೆಗೆ ವ್ಯಾಪಾರಿ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ. ಸಗಟು ಬಟ್ಟೆ ವ್ಯಾಪಾರ ನಿಂತಿರುವುದೇ ಉದ್ದರಿಯ ಮೇಲೆ. ಹಣ ಎಷ್ಟು ದಿನ ಹೊರಗಿರುತ್ತದೆ ಎಂಬುದು ಲಾಭದಷ್ಟೇ ಮುಖ್ಯ.

ಅದೇ ವ್ಯಾಪಾರಿ ತೆರಿಗೆಯ ಮಾತು ತೆಗೆದ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5 ಜಿಎಸ್‌ಟಿ, ಅದನ್ನು ದಾಟಿದರೆ ಶೇ. 18. ಹಾಗಾಗಿ 2,600ರ ಕುರ್ತಾವನ್ನು 2,500ಕ್ಕೆ ಇಳಿಸಿದರೆ ಗಿರಾಕಿಗೆ ನೂರಲ್ಲ, ನಾನೂರಕ್ಕೂ ಹೆಚ್ಚು ಉಳಿಯುತ್ತದೆ. ಹುಡುಗಿ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿ, “ಹೌದರಿ!” ಎಂದಳು. ಫ್ಯಾಷನ್ ವ್ಯಾಪಾರದ ತಿರುಳು ಇಂಥ ಲೆಕ್ಕದಲ್ಲಿದೆ. ಅದನ್ನು ಕಲಿಸುವುದು ಕಾಸ್ಟಿಂಗ್ ಮತ್ತು ತೆರಿಗೆಯ ಪಾಠ. ಸರ್ಕಾರಿ ಕಾಲೇಜಿನ ಬಿ.ಕಾಂ. ಅದನ್ನು ಚೆನ್ನಾಗಿಯೇ ಕಲಿಸುತ್ತದೆ. ಶನಿವಾರ ಮಧ್ಯಾಹ್ನಗಳನ್ನು ಈ ಗಲ್ಲಿಗಳಲ್ಲಿ ಕಳೆದರೆ ಲೇಸು, ಗುಂಡಿ, ಜಿಪ್ಪು, ಅಸ್ತರು ಯಾವುದಕ್ಕೆ ಎಷ್ಟು ಎಂಬ ಜ್ಞಾನವೂ ಜೊತೆಗೆ ಬರುತ್ತದೆ.

ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಸಿಲ್ಕ್ ಬೋರ್ಡ್. ಇಳಿದು ಆಟೋ ಹಿಡಿದರೆ ಎಚ್‌ಎಸ್‌ಆರ್ ಬಡಾವಣೆಯ 27ನೇ ಮುಖ್ಯರಸ್ತೆಯಲ್ಲಿ ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ. ಕೇಂದ್ರ ಜವಳಿ ಸಚಿವಾಲಯ 1986ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಸಂಸ್ಥೆಯ ಬೆಂಗಳೂರು ಕ್ಯಾಂಪಸ್. ಸರ್ಕಾರಿ ಸಂಸ್ಥೆ ಎಂದು ತಾಯಿಗೆ ಸಮಾಧಾನವಾಯಿತು, ಸೆಮಿಸ್ಟರಿಗೆ ಬೋಧನಾ ಶುಲ್ಕ ಲಕ್ಷ ದಾಟುತ್ತದೆ ಎಂದಾಗ ಮುಖ ಬಾಡಿತು.

ಬಿ.ಡೆಸ್. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪ್ರವೇಶಕ್ಕೆ ಚಿತ್ರ, ಕಲ್ಪನೆ, ಕೈಕೆಲಸದ ಪರೀಕ್ಷೆ. ಫ್ಯಾಷನ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ ಎರಡೇ ವರ್ಷ, ನಾಲ್ಕು ಸೆಮಿಸ್ಟರ್. ಯಾವ ಪದವಿ ಓದಿದವರೂ ಅರ್ಜಿ ಹಾಕಬಹುದು, ಚಿತ್ರ ಬರೆಯುವ ಪರೀಕ್ಷೆ ಇಲ್ಲ. ವ್ಯಾಪಾರವನ್ನೇ ಕಲಿಯಬೇಕೆನ್ನುವ ಹುಡುಗಿಗೆ ಬಾಗಿಲು ಇದು. ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಒಂದೆರಡು ವರ್ಷ ಕೆಲಸ ಮಾಡಿ ಇಲ್ಲಿಗೆ ಬಂದರೆ ದೊಡ್ಡ ಶುಲ್ಕ ಕಟ್ಟಬೇಕಾದದ್ದು ಅರ್ಧ ಕಾಲಕ್ಕೆ ಮಾತ್ರ. ಕುಟುಂಬದ ಆದಾಯ ನೋಡಿ ಬೋಧನಾ ಶುಲ್ಕದಲ್ಲಿ ನೆರವು ಕೊಡುವ ವ್ಯವಸ್ಥೆಯೂ ನಿಫ್ಟ್‌ನಲ್ಲಿದೆ. ಉಳಿದದ್ದಕ್ಕೆ ಶಿಕ್ಷಣ ಸಾಲ, 7.5 ಲಕ್ಷದವರೆಗೆ ಸಾಲ ಖಾತರಿ ಯೋಜನೆಯಡಿ ಅಡಮಾನ ಕೇಳುವಂತಿಲ್ಲ. ಮಗ್ಗ, ಮನೆ ಒತ್ತೆ ಇಡಬೇಕಾಗಿಲ್ಲ ಎಂದಾಗ ತಾಯಿ ಎರಡು ಸಲ ಖಚಿತಪಡಿಸಿಕೊಂಡರು.

ಖಾಸಗಿ ಕಾಲೇಜುಗಳ ಬ್ರೋಷರುಗಳು ಹುಡುಗಿಯ ಚೀಲದಲ್ಲೇ ಇದ್ದವು. ಎಲ್ಲವೂ ಕೆಟ್ಟವಲ್ಲ. ಆದರೆ ಕೊಡುವುದು ವಿಶ್ವವಿದ್ಯಾಲಯದ ಪದವಿಯೋ ಸಂಸ್ಥೆಯದೇ ಸರ್ಟಿಫಿಕೇಟೋ ಎಂದು ಕೇಳಿ, ವಿಶ್ವವಿದ್ಯಾಲಯದ ಹೆಸರನ್ನು ಬರೆದು ಕೊಡುವಂತೆ ಹೇಳಿ. ಕಳೆದ ವರ್ಷ ಓದು ಮುಗಿಸಿದವರಲ್ಲಿ ಇಬ್ಬರ ಜೊತೆ ಮಾತಾಡಿಸಿ ಎನ್ನಿ. ಬಟ್ಟೆ, ಪ್ರಿಂಟು, ಲ್ಯಾಪ್‌ಟಾಪು, ಪ್ರವಾಸಕ್ಕೆ ಶುಲ್ಕದ ಹೊರಗೆ ಎಷ್ಟಾಯಿತು ಎಂಬುದನ್ನು ಅವರೇ ಹೇಳುತ್ತಾರೆ.

ಸಂಜೆಯ ಹೊತ್ತಿಗೆ ಹೊಸೂರು ರಸ್ತೆಗೆ ಬಂದೆವು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ ಬಿಡುವ ಹೊತ್ತು, ಟಿಫಿನ್ ಬ್ಯಾಗು ಹಿಡಿದ ಹೆಂಗಸರಿಂದ ರಸ್ತೆ ತುಂಬಿತ್ತು. ಪದವಿ ಮತ್ತು ನಿಫ್ಟ್ ನಡುವಿನ ಆ ಒಂದೆರಡು ವರ್ಷ ಇಂಥ ಕಡೆಯೇ ಕಳೆಯಬೇಕು, ಮರ್ಚಂಡೈಸಿಂಗ್ ವಿಭಾಗದಲ್ಲಿ ಸಹಾಯಕಿಯಾಗಿ. ಸ್ಯಾಂಪಲ್ ಹೇಗೆ ಪಾಸಾಗುತ್ತದೆ, ಬಟ್ಟೆ ತಡವಾದರೆ ಲೈನು ಹೇಗೆ ನಿಲ್ಲುತ್ತದೆ, ಬೈಯರ್ ಕೇಳಿದ ರಿಯಾಯಿತಿಯ ಭಾರ ಟಾರ್ಗೆಟ್ಟಾಗಿ ಹೊಲಿಯುವವರ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವಳು ಮುಂದೆ ದರ ಮಾತಾಡುವಾಗ ಬೇರೆ ರೀತಿ ಮಾತಾಡುತ್ತಾಳೆ. ನೇಕಾರರ ಮನೆಯ ಹುಡುಗಿ ದರ ನಿರ್ಧರಿಸುವ ಮೇಜಿನ ಆಚೆ ಕೂರಬೇಕೆಂಬ ಆಸೆ ನನಗೂ ಇದೆ.

“ಮದಲ ಏನ್ ಮಾಡೂಣ್ರಿ?” ಎಂದರು ತಾಯಿ.

ಊರಿಗೆ ಹೋದ ಕೂಡಲೇ ನಾಡಕಚೇರಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಆಮೇಲೆ ಬ್ಯಾಂಕು, ಮಗಳ ಹೆಸರಿನ ಖಾತೆಗೆ ಆಧಾರ್ ಜೋಡಣೆ. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಅವಳ ಹೆಸರು ಒಂದೇ ರೀತಿ ಇದೆಯೇ ಎಂದು ಕೇಳಿದೆ. ಹುಡುಗಿ ಚೀಲದಿಂದ ಎರಡನ್ನೂ ತೆಗೆದು ಅಕ್ಷರ ಅಕ್ಷರ ಹೋಲಿಸಿದಳು. ಅಪ್ಪನ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದಿತ್ತು, ಇನ್ನೊಂದರಲ್ಲಿ ಹಿಂದಿತ್ತು. ಸೋಮವಾರವೇ ಅದನ್ನು ಸರಿಪಡಿಸಿಕೊಳ್ಳಲು ಹೇಳಿದೆ.