ಹೆಗಲು ಮತ್ತೆ ಮತ್ತೆ ತಪ್ಪುವುದೇಕೆ?

ತಪ್ಪಿದ ಹೆಗಲನ್ನು ಎಳೆದು ಕೂರಿಸಿದರೆ ಮುಗಿಯಿತೆಂಬ ನಂಬಿಕೆ ನಮ್ಮ ಕಬಡ್ಡಿ ಆಟಗಾರರಲ್ಲಿಯೂ ಉಂಟು, ಮೂಟೆ ಹೊರುವ ಹಮಾಲರಲ್ಲಿಯೂ ಉಂಟು. ಮೂಳೆ ಸ್ವಸ್ಥಾನಕ್ಕೆ ಬಂದರೂ ಒಳಗಿನ ಗಾಯ ಉಳಿದಿರಬಹುದೆಂಬುದನ್ನು ವಾಚಕರಿಗೆ ತಿಳಿಸಬಯಸುತ್ತೇನೆ. ಕಲಾ ವಿದ್ಯಾರ್ಥಿಗೇಕೆ ಈ ವಿಚಾರ ಎನ್ನಬೇಡಿ.

ತೋಳೆಲುಬಿನ ತಲೆ ದೊಡ್ಡ ಗುಂಡು. ಅದು ಕೂರುವ ಗುಳಿಯಾದರೋ ಚಿಕ್ಕದು, ಆಳವೂ ಇಲ್ಲ. ಆದುದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಜಾರುವುದೂ ಅದರಿಂದಲೇ. ಗುಳಿಯ ಸುತ್ತ ನಾರಿನ ಅಂಚೊಂದು ಬಾವಿಯ ಕಟ್ಟೆಯಂತೆ ನಿಂತು ಆಳ ಹೆಚ್ಚಿಸುತ್ತದೆ. ಮೂಳೆ ಮುಂದಕ್ಕೆ ಜಾರುವಾಗ ಈ ಅಂಚು ತನಗಂಟಿದ ಅಸ್ಥಿಬಂಧಗಳೊಡನೆ ಸಾಮಾನ್ಯವಾಗಿ ಕಿತ್ತುಬರುತ್ತದೆ. ಮರುಕಳಿಕೆಗೆ ಇದೇ ಮೂಲವೆಂದು ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ವಾದಿಸಿದರು. ಕಿತ್ತ ಅಂಚನ್ನು ಮರಳಿ ಮೂಳೆಗೆ ಬಿಗಿಯುವ ಶಸ್ತ್ರಕ್ರಿಯೆಗೆ ಇಂದಿಗೂ ಅವರದೇ ಹೆಸರು. ಜಾರಿದ ತಲೆಯ ಹಿಂಬದಿ ಗುಳಿಯ ಗಟ್ಟಿ ಮೂಳೆಗೆ ಒತ್ತಿ ತಗ್ಗಾಗುವುದನ್ನು ಕ್ಷ-ಕಿರಣ ತಜ್ಞರಾದ ಹಿಲ್ ಮತ್ತು ಸ್ಯಾಕ್ಸ್ 1940ರಲ್ಲಿ ವಿವರಿಸಿದರು. ಪ್ರತಿ ಸಲ ಜಾರಿದಾಗಲೂ ಆ ತಗ್ಗು ಹಿಗ್ಗಬಹುದು, ಗುಳಿಯ ಮೂಳೆ ಸವೆಯಬಹುದು.

ಮೊದಲ ಸಲ ಹದಿಹರೆಯದಲ್ಲಿ ತಪ್ಪಿದರೆ ಮರುಕಳಿಸುವ ಸಂಭವ ಮುದುಕರಿಗಿಂತ ಬಹಳ ಹೆಚ್ಚು. ನಮ್ಮ ಆಟಗಾರರೆಲ್ಲ ಆ ವಯಸ್ಸಿನವರೇ!

ಹಮಾಲಿ ಮಾಡಿ ನನ್ನನ್ನು ಬಿ.ಎ. ತನಕ ಓದಿಸಿದ ನಮ್ಮಣ್ಣನ ಹೆಗಲು ಮೂರು ಸಲ ತಪ್ಪಿದೆ. ಎಂ.ಆರ್.ಐ. ಚಿತ್ರದಲ್ಲಿ ಆ ಕಿತ್ತ ಅಂಚನ್ನು ವೈದ್ಯರು ಬೆರಳಿಟ್ಟು ತೋರಿಸಿದ್ದಾರೆ.