ಮಾಚಾ ಚಹಾದಲ್ಲಿ ಭಾರ ಲೋಹಗಳು

ಮಾಚಾ ಎಂಬುದು ನೆರಳಿನಲ್ಲಿ ಬೆಳೆಸಿದ ಚಹಾ ಎಲೆಗಳನ್ನು ಆವಿಯಲ್ಲಿ ಬೇಯಿಸಿ, ಒಣಗಿಸಿ, ನುಣ್ಣಗೆ ಬೀಸಿ ತಯಾರಿಸುವ ಜಪಾನಿನ ಹಸಿರು ಚಹಾ ಪುಡಿ. ಚಹಾ ಗಿಡವು ಮಣ್ಣಿನಿಂದ ಸೀಸ ಮೊದಲಾದ ಲೋಹಗಳನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿನ ಸೀಸದ ಕಣಗಳೂ ಎಲೆಗಳ ಮೇಲೆ ಶೇಖರವಾಗುತ್ತವೆ. ಸಾಮಾನ್ಯ ಚಹಾದಲ್ಲಿ ಸೋಸಿದ ಎಲೆಯಲ್ಲೇ ಹೆಚ್ಚಿನ ಸೀಸ ಉಳಿಯುತ್ತದೆ. ಮಾಚಾದಲ್ಲಿ ಇಡೀ ಎಲೆಯೇ ಸೇವನೆಯಾಗುವುದರಿಂದ ಅದರಲ್ಲಿರುವ ಲೋಹವೆಲ್ಲವೂ ಹೊಟ್ಟೆಯನ್ನು ಸೇರುತ್ತದೆ.

ಲೋಹಗಳ ಪ್ರಮಾಣವನ್ನು ಸಾಮಾನ್ಯವಾಗಿ ಐಸಿಪಿ-ಎಂಎಸ್ ವಿಧಾನದಿಂದ ಅಳೆಯಲಾಗುತ್ತದೆ. ಚಹಾದಲ್ಲಿನ ಸೀಸಕ್ಕೆ ಚೀನಾ ವಿಧಿಸಿರುವ ಮಿತಿ ಕಿಲೋಗ್ರಾಂಗೆ 5 ಮಿಲಿಗ್ರಾಂ. ಕ್ಯಾಲಿಫೋರ್ನಿಯಾದ 1986ರ ‘ಪ್ರೊಪೊಸಿಷನ್ 65’ ಕಾನೂನಿನಡಿ ಎಚ್ಚರಿಕೆಯ ಮಟ್ಟ ದಿನಕ್ಕೆ 0.5 ಮೈಕ್ರೊಗ್ರಾಂ. ಕಿಲೋಗ್ರಾಂಗೆ 0.25 ಮಿಲಿಗ್ರಾಂ ಸೀಸವಿರುವ 2 ಗ್ರಾಂ ಪುಡಿಯೇ ಈ ಮಟ್ಟವನ್ನು ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೀಸಕ್ಕೆ ಸುರಕ್ಷಿತವೆಂದು ತಿಳಿದುಬಂದ ಪ್ರಮಾಣವಿಲ್ಲ. ಆದ್ದರಿಂದ ಪರೀಕ್ಷಾ ವರದಿಯಲ್ಲಿ ‘ಮಿತಿಯೊಳಗಿದೆ’ ಎಂಬ ಮಾತಿಗಿಂತ ಅಳೆದ ಅಂಕಿಯೇ ಮುಖ್ಯವಾಗುತ್ತದೆ.